ಸಬ್‌ಟೈಟಲ್ ಓದದ ಅತ್ತೆ

ನನ್ನ ಸೋದರತ್ತೆಗೆ ಜಪಾನಿ, ಫಾರಸಿ, ಫ್ರೆಂಚು, ಸ್ಪ್ಯಾನಿಷ್ಷು ಎಲ್ಲವೂ ಬರುತ್ತವೆ ಎಂದು ಆರ್.ಕೆ.ಪುರಂನ ಅವರ ಸರ್ಕಾರಿ ಕ್ವಾರ್ಟರ್ಸಿನ ಹೆಂಗಸರು ನಂಬಿದ್ದಾರೆ. ನಂಬದೆ ಏನು ಮಾಡುತ್ತಾರೆ, ಪಾಪ! ಚಳಿ ಶುರುವಾಯಿತೆಂದರೆ ಅತ್ತೆ ರೇಷ್ಮೆ ಸೀರೆಯುಟ್ಟು, ಮೇಲೊಂದು ಶಾಲು ಹೊದ್ದು, ಒಂದು ದೇಶದ ಸಿನಿಮಾ ಉತ್ಸವ ಮುಗಿಸಿ ಇನ್ನೊಂದು ದೇಶದ್ದಕ್ಕೆ ಹೊರಡುತ್ತಾರೆ. ನಿಜ ಹೇಳಿಬಿಡಲೇ? ಅತ್ತೆಗೆ ಹಿಂದಿಯೇ ನೆಟ್ಟಗೆ ಬರುವುದಿಲ್ಲ!

ತುಮಕೂರಿನಿಂದ ಮದುವೆಯಾಗಿ ದೆಹಲಿಗೆ ಬಂದವರು ಅವರು. ಮಾವ ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ ಅಂಡರ್ ಸೆಕ್ರೆಟರಿಯವರೆಗೆ ಏರಿದರು. ಅತ್ತೆಯ ಹಿಂದಿಗೆ ಮಾತ್ರ ಬಡ್ತಿ ಸಿಗಲೇ ಇಲ್ಲ. ಈಗಲೂ ತರಕಾರಿ ಗಾಡಿಯವನ ಹತ್ತಿರ, “ಭಯ್ಯಾ, ಯೇ ಬದನೆಕಾಯಿ ತಾಜಾ ಹೈ ಕ್ಯಾ?” ಎನ್ನುತ್ತಾರೆ. ಅವನೂ ಸೋತು ದಾರಿಗೆ ಬಂದಿದ್ದಾನೆ. “ಬಿಲ್ಕುಲ್, ಆಂಟಿಜೀ! ಏಕ್‌ದಮ್ ಎಳೇ ಬದನೆಕಾಯಿ!”

ನಾನು ಗುರುಗ್ರಾಮದ ಆಫೀಸೊಂದರಲ್ಲಿ ಕೆಲಸ ಸಿಕ್ಕಿ ದೆಹಲಿಗೆ ಬಂದವಳು. ಹೌಜ್ ಖಾಸ್‌ನಲ್ಲಿ ಬಾಡಿಗೆ ಕೋಣೆ, ವಾರದ ಕೊನೆಗೆ ಅತ್ತೆಮನೆಯ ಸಾರು. ಆ ಸಾರಿನ ಋಣಕ್ಕೆ ಉತ್ಸವಗಳಿಗೆ ನಾನು ಅತ್ತೆಯ ಜೊತೆಗಾತಿ. ಮಾವನನ್ನು ಯಾಕೆ ಕರೆದುಕೊಂಡು ಹೋಗುವುದಿಲ್ಲ ಎಂದು ಕೇಳಿದರೆ, “ಅವರು ಯಾವ ದೇಶದ ಸಿನಿಮಾಕ್ಕೆ ಬಂದ್ರೂ ಒಂದೇ ಭಾಷೇಲಿ ಗೊರಕೆ ಹೊಡೀತಾರೆ ಕಣೇ” ಎನ್ನುತ್ತಾರೆ.

ಉತ್ಸವಕ್ಕಿಂತ ಅದಕ್ಕಾಗಿ ಕಾಯುವುದೇ ಅತ್ತೆಗೆ ದೊಡ್ಡ ಹಬ್ಬ. ಯಾವುದೋ ರಾಯಭಾರ ಕಚೇರಿಯ ಪ್ರಕಟಣೆಯನ್ನು ನಾನು ಅವರ ಫೋನಿಗೆ ಕಳಿಸಿದ ಗಳಿಗೆಯಿಂದ ಅತ್ತೆ ಆರ್.ಕೆ.ಪುರಂನಲ್ಲಿ ಇರುವುದಿಲ್ಲ. ದೇಹ ಬಾಲ್ಕನಿಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿರುತ್ತದೆ, ಅಷ್ಟೇ. ಕೆಳಗೆ ಹಾಲೆ ಮರ ಹೂಬಿಟ್ಟು ಇಡೀ ಬೀದಿಗೆ ಮತ್ತು ಬರಿಸುವ ದಿನಗಳವು. ಆ ಗಂಧದಲ್ಲಿ, ಸಂಜೆಯ ಮಂಜಿನಲ್ಲಿ, ಎದುರಿನ ನೀರಿನ ಟ್ಯಾಂಕು ಅತ್ತೆಯ ಕಣ್ಣಿಗೆ ಯಾವ ಕೋಟೆಯ ಗೋಪುರವಾಗಿ ಕಾಣುತ್ತಿತ್ತೋ!

“ಪುಟ್ಟೀ, ಅಲ್ಲಿ ಈಗ ಹಿಮ ಬೀಳ್ತಿರಬಹುದಾ?”

“ಎಲ್ಲಿ ಅತ್ತೆ?”

“ಅದೇ, ಫಿನ್ಲೆಂಡಲ್ಲಿ.”

ಅಷ್ಟರಲ್ಲಿ ಒಳಗೆ ಒಗ್ಗರಣೆ ಸೀದಿರುತ್ತದೆ. ಮಾವ ಪೇಪರಿನಿಂದ ತಲೆಯೆತ್ತಿ ಮೂಗರಳಿಸಿ ಕೇಳುತ್ತಾರೆ: “ಇವತ್ತು ಯಾವ ದೇಶ?”

ಜಪಾನಿ ಉತ್ಸವದ ಮುಂಚೆ ಅತ್ತೆ ನಡು ಬಗ್ಗಿಸಿ ವಂದಿಸುವ ಅಭ್ಯಾಸ ಶುರುಮಾಡಿದ್ದರು. ಕರೆಂಟು ಮೀಟರ್ ನೋಡಲು ಬಂದವನಿಗೆ ಬಾಗಿಲಲ್ಲೇ ಬಗ್ಗಿ ವಂದಿಸಿದರು. ಆತ ಗಾಬರಿಯಾಗಿ ತಾನೂ ಬಗ್ಗಿದ. ಜಪಾನಿನಲ್ಲಿ ಎದುರಿನವರಿಗಿಂತ ಹೆಚ್ಚು ಬಗ್ಗಬೇಕೆಂದು ಎಲ್ಲೋ ಕೇಳಿದ್ದ ಅತ್ತೆ ಇನ್ನೂ ಬಗ್ಗಿದರು. ಆತ ಮತ್ತೂ ಬಗ್ಗಿದ. ಮಾವ ಹೋಗಿ ಇಬ್ಬರನ್ನೂ ಎತ್ತಿ ನಿಲ್ಲಿಸದೇ ಹೋಗಿದ್ದರೆ ಆ ತಿಂಗಳ ಬಿಲ್ಲೇ ಬರುತ್ತಿರಲಿಲ್ಲ!

ಇನ್ನು ಸಿನಿಮಾ ನೋಡುವ ಪರಿ. ಅತ್ತೆ ಹತ್ತಿರದ ಕನ್ನಡಕವನ್ನೂ ದೂರದ ಕನ್ನಡಕವನ್ನೂ ಒಟ್ಟಿಗೆ ಒಯ್ಯುವವರು. ಆದರೆ ಕತ್ತಲಾಗುತ್ತಿದ್ದಂತೆ ಪರದೆಯ ಕೆಳಭಾಗ ಮುಂದಿನ ಕುರ್ಚಿಯ ಬೆನ್ನಿಗೆ ಮರೆಯಾಗುವ ಹಾಗೆ ಜಾರಿ ಕೂರುತ್ತಾರೆ. ಇಂಗ್ಲಿಷ್ ಓದಲು ಬಾರದವರಲ್ಲ, ಬಿ.ಎ. ಮಾಡಿದವರು! ಸಬ್‌ಟೈಟಲ್ ಓದಿ ಎಂದು ನಾನು ಮೊದಲ ಸಲ ಪಿಸುಗುಟ್ಟಿದಾಗ ಸಿಟ್ಟೇ ಮಾಡಿಕೊಂಡರು.

“ಕೆಳಗೆ ಓದ್ತಾ ಕೂತ್ರೆ ಮೇಲೆ ಅವಳ ಮುಖ ಯಾರು ನೋಡ್ತಾರೆ? ಪಾಪ, ಅಷ್ಟು ಕಷ್ಟಪಟ್ಟು ಅಳ್ತಿದ್ದಾಳೆ.”

ಹೀಗಾಗಿ ಮೆಟ್ರೋದಲ್ಲಿ ವಾಪಸು ಬರುವಾಗ ನಮ್ಮಿಬ್ಬರ ಹತ್ತಿರ ಎರಡು ಬೇರೆ ಸಿನಿಮಾಗಳಿರುತ್ತವೆ. ಸ್ಪೇನಿನ ಚಿತ್ರವೊಂದರಲ್ಲಿ, ನಾನು ಓದಿಕೊಂಡ ಪ್ರಕಾರ, ಇಬ್ಬರು ಗಂಡಸರು ಒಂದು ಕುದುರೆಯ ವ್ಯಾಪಾರಕ್ಕೆ ಜಗಳವಾಡುತ್ತಿದ್ದರು. ಅತ್ತೆಯ ಪ್ರಕಾರ ಅವರು ಅಣ್ಣತಮ್ಮಂದಿರು, ಜಗಳ ಅಮ್ಮ ಯಾರ ಮನೆಯಲ್ಲಿ ಇರಬೇಕು ಎನ್ನುವುದಕ್ಕೆ. “ಕುದುರೆ ಸುಮ್ನೆ ಅಲ್ಲಿ ನಿಂತಿತ್ತು” ಎಂದರು. ಆವತ್ತು ನಿರ್ದೇಶಕರೇ ಬಂದಿದ್ದರು. ಸಂವಾದದ ಹೊತ್ತಿನಲ್ಲಿ ಅತ್ತೆ ಎದ್ದು ನಿಂತು ತಮ್ಮ ಕತೆಯನ್ನು ಕನ್ನಡದಲ್ಲೇ ಹೇಳಿದರು. ನಾನು ನಾಚಿಕೆಯಿಂದ ನೆಲ ನೋಡುತ್ತಾ ಇಂಗ್ಲಿಷಿಗೆ ತಂದೆ. ಆತ ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿ, “ನಾನು ತೆಗೆದದ್ದು ಅದಲ್ಲ. ತೆಗೆಯಬೇಕಾಗಿದ್ದದ್ದು ಅದು” ಎಂದ. ಸಭೆಯೆಲ್ಲ ಚಪ್ಪಾಳೆ! ಅತ್ತೆ ಬಗ್ಗಿ ವಂದಿಸಿದರು. ದೇಶ ತಪ್ಪಿತ್ತು, ಇರಲಿ.

ಈ ವರ್ಷದ್ದು ಪೋಲೆಂಡಿನ ಉತ್ಸವ. ಅತ್ತೆಗೆ ಇದು ಎಂದಿನಂತಲ್ಲ. ಮಾವನಿಗೆ ನಿವೃತ್ತಿ ಹತ್ತಿರವಾಗಿತ್ತು. ಕ್ವಾರ್ಟರ್ಸ್ ಖಾಲಿ ಮಾಡಿ ಇಬ್ಬರೂ ಮೈಸೂರಿನಲ್ಲಿ ಮಗಳ ಮನೆಯ ಪಕ್ಕದ ಫ್ಲ್ಯಾಟಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮನೆಯಲ್ಲಿ ಅರ್ಧ ಸಾಮಾನು ಡಬ್ಬಗಳನ್ನು ಸೇರಿತ್ತು. ಅತ್ತೆ ಆ ಡಬ್ಬಗಳ ನಡುವೆ ಕೂತು, “ಪೋಲೆಂಡಿನ ಹೆಂಗಸರು ಸಂಜೆ ಹೊತ್ತು ಏನು ಮಾಡ್ತಾರೋ?” ಎಂದು ಕನಸು ಕಾಣುತ್ತಿದ್ದರು. “ಪ್ಯಾಕಿಂಗ್ ಅಂತೂ ಮಾಡಲ್ಲ” ಎಂದರು ಮಾವ, ಬೆವರೊರೆಸಿಕೊಳ್ಳುತ್ತಾ.

ಉತ್ಸವದ ವಾರಕ್ಕೆ ಸರಿಯಾಗಿ ದೆಹಲಿಯ ಮೇಲೆ ಹೊಗೆ ಕವಿಯಿತು. ಭಾನುವಾರ ಮಧ್ಯಾಹ್ನದ ಆಟ. ಎದುರಿನ ಟ್ಯಾಂಕೂ ಕಾಣುತ್ತಿರಲಿಲ್ಲ. “ಈ ಗಾಳೀಲಿ ಹೊರಗೆ ಕಾಲಿಡಬೇಡ, ನಿನಗೆ ಕೆಮ್ಮು ಬೇರೆ ಇದೆ” ಎಂದು ಮಾವ ಬಾಗಿಲಿಗೆ ಅಡ್ಡ ನಿಂತರು. ಅತ್ತೆ ಜಗಳವಾಡಲಿಲ್ಲ. “ಇದೊಂದು ಸಲ ಕಣ್ರೀ” ಎಂದರು ಮೆಲ್ಲಗೆ. ಮಾವ ಒಂದು ಕ್ಷಣ ಅವರ ಮುಖ ನೋಡಿದರು. ಒಳಗೆ ಹೋಗಿ ಮಾಸ್ಕ್ ತಂದು, ತಾವೇ ಅವರ ಕಿವಿಗೆ ಸಿಕ್ಕಿಸಿದರು.

ಆ ಸಣ್ಣ ಸಭಾಂಗಣದಲ್ಲಿ ಅರ್ಧ ಕುರ್ಚಿಗಳು ಖಾಲಿ. ಅತ್ತೆಯ ಪಕ್ಕದಲ್ಲಿ ಒಬ್ಬಳು ಹುಡುಗಿ ಒಂಟಿಯಾಗಿ ಕೂತಿದ್ದಳು. ಬಿಳಿಚಿದ ಮುಖ, ಕೆದರಿದ ಕಂದು ಕೂದಲು, ನಮ್ಮ ಸರೋಜಿನಿ ನಗರದ ಸಂತೆಯಲ್ಲಿ ಸಿಗುವಂಥ ಸ್ವೆಟರು. ಸಿನಿಮಾ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅತ್ತೆ ನನ್ನ ಮೊಣಕೈ ತಿವಿದರು.

“ನೋಡೇ, ಈ ಹುಡುಗಿ ನಿಮ್ಮೆಲ್ಲರಿಗಿಂತ ಮುಂಚೆ ನಗ್ತಾಳೆ.”

ಹೌದು! ನಾವೆಲ್ಲ ಓದಿ ಮುಗಿಸಿ ನಗುವಷ್ಟರಲ್ಲಿ ಆಕೆಯ ನಗು ಮುಗಿದಿರುತ್ತಿತ್ತು. ಆಕೆ ಆ ಭಾಷೆಯವಳೇ. ಅಂದಿನಿಂದ, ಅಲ್ಲ, ಆ ನಿಮಿಷದಿಂದ ಅತ್ತೆ ಪರದೆ ನೋಡುವುದನ್ನೇ ಬಿಟ್ಟರು. ಆಕೆ ನಕ್ಕಾಗ ನಕ್ಕರು, ಆಕೆ ಉಸಿರು ಹಿಡಿದಾಗ ಹಿಡಿದರು.

ಪರದೆಯ ಮೇಲೆ ಅಡುಗೆಮನೆ ಬಂತು. ಒಬ್ಬಳು ತಾಯಿ ಹಿಟ್ಟು ಲಟ್ಟಿಸಿ, ಒಳಗೆ ಹೂರಣ ಇಟ್ಟು, ನಮ್ಮ ಕರ್ಜಿಕಾಯಿಯ ಹಾಗೆಯೇ ಮಡಚಿ ಅಂಚು ಒತ್ತುತ್ತಿದ್ದಳು. ಬೆಂದದ್ದನ್ನು ತಟ್ಟೆಗೆ ಹಾಕಿ, ಬಾಗಿಲ ಕಡೆ ತಿರುಗಿ ಯಾರನ್ನೋ ಕೂಗಿದಳು. ಕೆಳಗೆ ಬಂದ ಸಬ್‌ಟೈಟಲ್ ಇಷ್ಟೇ: ಬಾ, ಆರಿಹೋಗುತ್ತೆ. ಅಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸಭಾಂಗಣದಲ್ಲಿ ಯಾರೂ ಅಳಲಿಲ್ಲ. ಆ ಹುಡುಗಿ ಮಾತ್ರ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

ನಾನು ಸಬ್‌ಟೈಟಲ್ಲನ್ನು ಇನ್ನೊಮ್ಮೆ ಓದಿದೆ. ನನಗೇನೂ ತಿಳಿಯಲಿಲ್ಲ.

ಅತ್ತೆ ಶಾಲು ತೆಗೆದು ಆಕೆಯ ಹೆಗಲಿಗೆ ಹೊದಿಸಿ, ಕೈ ಹಿಡಿದುಕೊಂಡರು. ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ನಿಲ್ಲಿಸದೆ ಹೇಳಿದಳು. ಅತ್ತೆ ಕನ್ನಡದಲ್ಲಿ ಉತ್ತರ ಕೊಟ್ಟರು.

“ಹೂಂ ಮಗಳೇ, ಹಾಗೇ ಆಗುತ್ತೆ. ನಾನು ಈ ಊರಿಗೆ ಬಂದಾಗ ನನಗೂ ಯಾರ ಮಾತೂ ತಿಳೀತಿರಲಿಲ್ಲ. ಇವರು ಆಫೀಸಿಗೆ ಹೋದ್ಮೇಲೆ ಕಿಟಕೀಲಿ ಕೂತು ಎದುರು ಮನೆಯವರ ಮುಖ ನೋಡ್ತಿದ್ದೆ. ಅವರು ಏನು ಮಾತಾಡ್ತಿದಾರೆ ಅಂತ ನಾನೇ ಕತೆ ಕಟ್ಕೊಳ್ತಿದ್ದೆ. ಇಲ್ದಿದ್ರೆ ದಿನ ಹೋಗ್ತಾನೇ ಇರಲಿಲ್ಲ. ಇಲ್ಲಿ ಕೂತ್ರೆ ಎಲ್ಲರೂ ಭಾಷೆ ಬರದೋರೇ. ಅದಕ್ಕೇ ಬರ್ತೀನಿ.”

ಇಷ್ಟು ವರ್ಷ ನಾನು ಅತ್ತೆಯ ಪಕ್ಕದಲ್ಲೇ ಕೂತಿದ್ದೆ. ಈ ಮಾತನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.

ದೀಪ ಹತ್ತಿತು. ಆ ಹುಡುಗಿಗೆ ಇಂಗ್ಲಿಷಿನಲ್ಲಿ ವಿವರಿಸೋಣವೆಂದು ನಾನು ಬಾಯಿ ತೆರೆದೆ. ಆಕೆ ನನ್ನತ್ತ ನೋಡಲೂ ಇಲ್ಲ. ಅತ್ತೆಯ ಭುಜಕ್ಕೆ ತಲೆಯಿಟ್ಟು, ಕಣ್ಣು ಮುಚ್ಚಿ, ಅವರು ಹೇಳುವುದಕ್ಕೆಲ್ಲ ಹೂಂಗುಟ್ಟುತ್ತಿದ್ದಳು.