ಸುಲೈಬಿಯಾದಲ್ಲೊಂದು ತೋಪು ಹುಟ್ಟಿತು

ತಾನು ಮಾಡಿದ್ದನ್ನು ನಾಲ್ಕು ಜನ ನೋಡಬೇಕೆಂಬ ಚಪಲ ಮನುಷ್ಯನಿಗೆ ಇರಬಾರದು. ಇದ್ದವನು ಏಸಿ ಡಕ್ಟ್ ಮಾಡಿಸುವ ಕೆಲಸಕ್ಕಂತೂ ಸೇರಬಾರದು. ಕುವೈತಿನ ಎಷ್ಟೋ ಕಟ್ಟಡಗಳಲ್ಲಿ ತಣ್ಣನೆ ಗಾಳಿ ಓಡಾಡುವುದು ನಾನು ಮಾಡಿಸಿದ ತಗಡಿನ ಕೊಳವೆಗಳಲ್ಲೇ ಎಂದು ಜಂಬ ಕೊಚ್ಚಬಹುದು, ತೋರಿಸುವ ಹಾಗಿಲ್ಲ. ಎಲ್ಲವೂ ಫಾಲ್ಸ್ ಸೀಲಿಂಗಿನ ಮೇಲೆ ಮುಚ್ಚಿಹೋಗಿರುತ್ತವೆ. ಒಮ್ಮೆ ಮಾಲಿನಲ್ಲಿ ಮಗಳು ಸಿರಿಗೆ, "ಇದು ಅಪ್ಪ ಮಾಡಿದ್ದು ಕಣೇ" ಎಂದು ಮೇಲೆ ಬೆರಳು ತೋರಿಸಿದೆ. ಅವಳು ಕತ್ತೆತ್ತಿ ನೋಡಿ, "ವಾವ್, ಆ ಲೈಟ್ಸಾ?" ಎಂದಳು.

ಹಾಗಾಗಿ ನಮ್ಮ ಕನ್ನಡ ಕೂಟದವರು, ಉಳ್ಳಾಲದ ರಾಣಿ ಪರಂಗಿಗಳನ್ನು ಸೋಲಿಸಿದ ಯುದ್ಧವನ್ನು ರಾಜ್ಯೋತ್ಸವಕ್ಕೆ ಆಡಿ ತೋರಿಸೋಣ, ಆ ಕಾಲದ್ದೇ ಅನ್ನಿಸುವ ತೋಪೊಂದು ಬೇಕು ಎಂದಾಗ, ಉಳಿದವರೆಲ್ಲ ಮೊಬೈಲಿನೊಳಗೆ ತಲೆ ತೂರಿಸಿದರೆ ನನ್ನ ಕೈ ನನ್ನನ್ನೂ ಕೇಳದೆ ಮೇಲೆದ್ದಿತು. ಮರುದಿನವೇ ಸಿರಿ, ಪಪ್ಪ ತೋಪು ಮಾಡುತ್ತಾರೆಂದು ಖೈತಾನಿನ ತನ್ನ ಶಾಲೆಯಲ್ಲೆಲ್ಲ ಡಂಗುರ ಸಾರಿ, ಆಟ ನೋಡಲು ಬನ್ನಿ ಎಂದು ಗೆಳತಿಯರನ್ನು ಕರೆದು ಬಂದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಹಳೆಯ ತೋಪುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಮುಂದಿನ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು, "ತೋಪುಗಳಿದ್ದದ್ದು ಪರಂಗಿಗಳ ಹಡಗಿನಲ್ಲಿ, ರಾಣಿಯ ಕಡೆಯವರದು ಬೆಂಕಿಬಾಣ" ಎಂದೆ. ಮಿರ್ಕಾಬಿನಲ್ಲಿ ಹೋಟೆಲಿಟ್ಟಿರುವ ನಮ್ಮ ಅಧ್ಯಕ್ಷ ಶೆಟ್ಟರು ಕೆರಳಿದರು. "ಎಂತ ಮಾರಾಯ್ರೆ ನೀವು! ನಮ್ಮ ರಾಣಿಗೆ ಇಲ್ಲದ ತೋಪು ಅವರಿಗೆಂತಕ್ಕೆ? ತೋಪು ರಾಣಿಗೇ ಇರ್ಲಿ. ಪರಂಗಿಗಳಿಗೆ ಒಂದೊಂದು ಟೊಪ್ಪಿ ಕೊಟ್ರೆ ಸಾಕು." ಇತಿಹಾಸ ಅಲ್ಲಿಗೆ ಖಲಾಸ್. ಟೊಪ್ಪಿ ಹಾಕಿಕೊಳ್ಳುವುದಕ್ಕೂ ಜನ ಸಿಗಲಿಲ್ಲ. ಡಾಕ್ಟರು, ಇಂಜಿನಿಯರು, ಬ್ಯಾಂಕಿನವರು ಎಲ್ಲರಿಗೂ ರಾಣಿಯ ಸೇನಾಪತಿಯ ಪಾತ್ರವೇ ಬೇಕು. ವರ್ಷವಿಡೀ ಬಿಳಿಯ ಮ್ಯಾನೇಜರನ ಮುಂದೆ ಬಾಗಿದ ಸೊಂಟಗಳೆಲ್ಲ ಖಡ್ಗ ಸಿಕ್ಕಿದ್ದೇ ತಡ ನೆಟ್ಟಗಾದವು. ಕೊನೆಗೆ ಸೇನಾಪತಿಗಳೇ ಒಂದು ಬಸ್ಸು ತುಂಬ ಆದರು, ಪರಂಗಿಗಳು ಇಬ್ಬರು. ಅವರಿಬ್ಬರೂ ಆ ಸಭೆಗೆ ತಡವಾಗಿ ಬಂದವರು.

ಸುಲೈಬಿಯಾದ ನಮ್ಮ ವರ್ಕ್‌ಶಾಪಿನಲ್ಲಿ ತಗಡು ಮಡಿಸುವ ರಫೀಕ್ ಭಾಯಿಗೆ ತೋಪಿನ ಚಿತ್ರ ತೋರಿಸಿದೆ. ಉಬ್ಬಿದ ಬಾಯಿ, ಮೈಮೇಲಿನ ಬಳೆಗಳು, ಮರದ ಗಾಲಿ ಎಲ್ಲವನ್ನೂ ನೋಡಿ ಆತ ಕೇಳಿದ: "ಸಾಬ್, ಹವಾ ಕಿಧರ್ ಸೆ ಆಯೇಗಾ?"

"ಹವಾ ನಹೀಂ ಭಾಯಿ, ಗೋಲಾ!"

ತಲೆಯಾಡಿಸಿದ. ತೋಪು ಭರ್ಜರಿಯಾಗಿಯೇ ಆಯಿತು. ಆದರೆ ಕೈಗೆ ಹತ್ತಿದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಬಣ್ಣ ಒಣಗಿದ ಮೇಲೆ ಹೊಟ್ಟೆಯ ಅಡಿಗೆ 'ರಿಟರ್ನ್ ಏರ್' ಎಂದು ಹಿಂದಕ್ಕೆ ತೋರಿಸುವ ಬಾಣದ ಸ್ಟಿಕರ್ ಅಂಟಿಸಿಬಿಟ್ಟಿದ್ದ. ಅದರ ಪ್ರಕಾರ ಗುಂಡು ಬಾಯಿಯಿಂದ ಒಳಹೊಕ್ಕು ಹಿಂದಿದ್ದ ಸೇನಾಪತಿಗಳಿಗೇ ಬಡಿಯಬೇಕು. ಅಡಿಯಲ್ಲಿದೆಯಲ್ಲ, ಯಾರು ಬಗ್ಗಿ ನೋಡುತ್ತಾರೆ ಎಂದು ಬಿಟ್ಟೆ.

ಆಟದ ದಿನ ಪಿಕಪ್‌ನಿಂದ ತೋಪು ಇಳಿಸುತ್ತಿದ್ದಂತೆ ಸಭಾಂಗಣದ ಈಜಿಪ್ಟಿನ ಕಾವಲುಗಾರ ಅಡ್ಡ ನಿಂತ. "ಮದ್ಫಾ? ಮಮ್ನೂ!" ತೋಪು ಒಳಗೆ ಬಿಡುವಂತಿಲ್ಲ. ಪೊಲೀಸರಿಗೆ ಹೇಳುತ್ತೇನೆಂದು ಫೋನೂ ತೆಗೆದ. ಹಿಂದೆ ತಿರುಗಿದೆ, ಸೇನಾಪತಿಗಳು ಒಬ್ಬರೂ ಇಲ್ಲ! ಕಾರಿನ ಮರೆಯಿಂದ ಶೆಟ್ಟರ ದನಿ ಮಾತ್ರ ಬಂತು: "ಏನಾದ್ರೂ ಹೇಳಿ ಮಾರಾಯ್ರೆ, ಎಲ್ಲರ ಇಕಾಮಾ ಹೋದೀತು!"

ಈ ದೇಶದಲ್ಲಿರಲು ಬೇಕಾದ ಆ ಇಕಾಮಾ ಚೀಟಿ ನನಗೂ ಇದೆಯಲ್ಲ. ತೋಪನ್ನು ಮಗುಚಿ, ಬಾಣ ತೋರಿಸಿ, ತಗಡು ಡಬಡಬ ಬಡಿದು, ಕಂಪನಿಯ ಕಾರ್ಡು ಹಿಡಿದು, ಅವನನ್ನು ಅರಬ್ಬಿಯಲ್ಲಿ ಗೆಳೆಯನೆಂದು ಕರೆಯುತ್ತ ಕೂಗಿದೆ: "ಮದ್ಫಾ ಅಲ್ಲ ಸದೀಕ್, ಏಸಿ ಡಕ್ಟ್! ದೇವರಾಣೆಗೂ ಬರೀ ಡಕ್ಟ್!" ಅವನು ಒಳಗೆ ಇಣುಕಿ ನೋಡಿ ನಕ್ಕು, "ಯಲ್ಲಾ" ಎಂದು ದಾರಿ ಬಿಟ್ಟ. ಬೆವರೊರೆಸಿಕೊಂಡು ನೋಡಿದರೆ ಗೆಳತಿಯರ ಜೊತೆ ಸಿರಿ ನಿಂತಿದ್ದಳು.

ಯುದ್ಧ ಚೆನ್ನಾಗಿಯೇ ನಡೆಯಿತು. ತೋಪಿನ ಹಿಂದೆ ಬಚ್ಚಿಟ್ಟಿದ್ದ ಬ್ಲೋವರ್ ಮೈದಾಹಿಟ್ಟಿನ ಹೊಗೆ ಉಗುಳಿತು, ಸ್ಪೀಕರ್ ಗುಡುಗಿತು. ಪರಂಗಿಗಳಿಬ್ಬರೂ ಅದಕ್ಕೂ ಮುಂಚೆಯೇ ಸತ್ತುಬಿದ್ದಿದ್ದರು. ಚಪ್ಪಾಳೆಯೋ ಚಪ್ಪಾಳೆ. ನಾನು ಹೊಟ್ಟೆ ಒಳಗೆಳೆದುಕೊಂಡು ತೋಪಿನ ಪಕ್ಕ ನಿಂತೆ. ಸಿರಿಯ ಗೆಳತಿಯೊಬ್ಬಳು ಬಂದು ಅದರ ಮೈ ಸವರಿ, "ನಿಮ್ ಡ್ಯಾಡ್ ಮಾಡಿದ ಕ್ಯಾನನ್ ಇದೇನಾ?" ಎಂದಳು.

"ನೋ, ನೋ," ಎಂದಳು ಸಿರಿ, "ಇಟ್ಸ್ ಜಸ್ಟ್ ಎ ಡಕ್ಟ್. ಪಪ್ಪಾನೇ ಪ್ರಾಮಿಸ್ ಮಾಡಿ ಹೇಳಿದ್ರು."

ಆ ಹುಡುಗಿ ತೋಪಿನ ಬಾಯಿಗೆ ಮುಖವೊಡ್ಡಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನತ್ತ ತಿರುಗಿ, "ಕೂಲಿಂಗೇ ಬರ್ತಿಲ್ಲ ಅಂಕಲ್" ಎಂದಳು.

"ಸಾರಿ ಮೇಡಂ," ಎಂದುಬಿಟ್ಟಿತು ನನ್ನ ಬಾಯಿ, "ನಾಳೆನೇ ಟೆಕ್ನಿಷಿಯನ್ ಕಳಿಸ್ತೀನಿ."