ಹಡಗಿನವರ ಕೈಕೆಲಸ

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ನಿಂತದ್ದೇ ಎಲ್ಲ ಅವಾಂತರಕ್ಕೂ ಮೂಲ.

ಆ ನಲ್ಲಿ ಎಷ್ಟೋ ಕಾಲದಿಂದ ತೊಟ್ಟಿಕ್ಕುತ್ತಿತ್ತು. ಬರುವ ಭಾನುವಾರ ಸರಿಮಾಡುತ್ತೇನೆ ಎಂದು ಮನೆಯ ಯಜಮಾನ ಹೇಳುತ್ತಲೇ ಬಂದಿದ್ದ. ಹೆಂಡತಿ ಕೇಳುವುದನ್ನೇ ಬಿಟ್ಟಿದ್ದಳು. ಆ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಒಳಗೆ ಬಂದವನಿಗೆ ಮನೆಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಿತು. ನಲ್ಲಿ ಬೈಸಿಕೊಂಡ ಮಗುವಿನ ಹಾಗೆ ಬಾಯಿ ಮುಚ್ಚಿಕೊಂಡಿತ್ತು.

ಯಾರು ಮಾಡಿದ್ದು ಎಂದು ಕೇಳಿದ. ಹೆಂಡತಿ ಒಲೆಯ ಕಡೆಯಿಂದ ತಿರುಗದೆಯೇ ಉತ್ತರ ಕೊಟ್ಟಳು. ಇನ್ಯಾರು, ನಿಮ್ಮ ಸೋದರತ್ತೆಯನ್ನು ಮದುವೆಯಾಗಲಿರುವ ಹಡಗಿನವರು. ನಲ್ಲಿಯೊಂದೇ ಅಲ್ಲ, ಕಿರುಗುಡುತ್ತಿದ್ದ ಬೀರುವಿನ ಬಾಗಿಲು, ಸದ್ದೇ ಮಾಡದ ಕರೆಗಂಟೆ, ಮೇಲಿನ ಮನೆಗೆ ಹತ್ತುವ ಮೆಟ್ಟಿಲಿನ ಅಲ್ಲಾಡುವ ಕಟಕಟೆ, ಎಲ್ಲವನ್ನೂ ನಿನ್ನೆ ಒಂದೇ ಮಧ್ಯಾಹ್ನದಲ್ಲಿ ಸರಿಮಾಡಿ, ಒಂದು ಲೋಟ ನೀರನ್ನೂ ಕೇಳದೆ ಹೋದರು.

ಬ್ರಷ್ ಬಾಯಿಂದ ಜಾರಿ ಸಿಂಕಿಗೆ ಬಿತ್ತು.

ಆತನ ಕೆಲಸ ಪೊಲೀಸ್ ಇಲಾಖೆಯಲ್ಲಿ, ಆದರೆ ಲಾಠಿಯದಲ್ಲ. ಅಪರಾಧ ನಡೆದ ಜಾಗವನ್ನು ನೋಡಿ, ಮಾಡಿದವನು ಎಂಥವನು, ಏನು ಮೆಚ್ಚುತ್ತಾನೆ, ಯಾವುದಕ್ಕೆ ಕೆರಳುತ್ತಾನೆ, ಮುಂದೆ ಎಂಥ ಬಾಗಿಲು ತಟ್ಟುತ್ತಾನೆ ಎಂದು ಹೇಳುವುದು. ಕಳ್ಳರ ಕೊಲೆಗಾರರ ಒಳಗನ್ನು ಕಾಣುವವನೆಂದು ಠಾಣೆಯವರು ಅವನಿಗೆ ಒಳಗಣ್ಣಪ್ಪ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅವನಿಗೆ ತನ್ನ ಕನ್ನಡಕವೂ ಕಾಣುವುದಿಲ್ಲ ಎಂಬುದು ಹೆಂಡತಿಯ ಅಭಿಪ್ರಾಯ.

ಕೆಲವು ತಿಂಗಳಿಂದ ಅವನ ಮೇಜಿನ ಮೇಲೆ ಒಂದೇ ಪ್ರಕರಣ. ಬೇರೆ ಬೇರೆ ಊರುಗಳಲ್ಲಿ, ಒಂಟಿಯಾಗಿದ್ದ, ಸ್ವಂತ ಮನೆಯಿದ್ದ ವಯಸ್ಸಾದ ಹೆಂಗಸರು ಮದುವೆಯಾದ ಸ್ವಲ್ಪ ದಿನಕ್ಕೇ ತಮ್ಮ ಮೆಟ್ಟಿಲಿನಿಂದಲೇ ಬಿದ್ದು ಸತ್ತಿದ್ದರು. ಮನೆ ಮಾರಿ ಗಂಡ ಮಾಯವಾಗಿದ್ದ. ಪ್ರತಿ ಊರಲ್ಲೂ ಬೇರೆ ಹೆಸರು, ಬೇರೆ ವೇಷ. ಒಳಗಣ್ಣಪ್ಪ ತಲೆ ಕೆರೆದುಕೊಂಡು ಕಂಡುಕೊಂಡದ್ದು ಇಷ್ಟು: ಇವನು ಹೂವು ಹಿಡಿದು ಬರುವವನಲ್ಲ, ಸ್ಪ್ಯಾನರ್ ಹಿಡಿದು ಬರುವವನು. ಮನೆಯಲ್ಲಿ ಕೆಟ್ಟದ್ದನ್ನು ಸರಿಮಾಡುತ್ತ ಮನೆಯವರ ಮನಸ್ಸಿಗೆ ಇಳಿಯುತ್ತಾನೆ. ತನ್ನ ಕೈಕೆಲಸದ ಮೇಲೆ ಅವನಿಗೆ ವಿಪರೀತ ಹೆಮ್ಮೆ.

ಮೇಲಿನ ಮನೆಯಲ್ಲಿದ್ದವಳು ಒಳಗಣ್ಣಪ್ಪನ ಸೋದರತ್ತೆ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ತಂದೆತಾಯಿ ಇಲ್ಲದ ಇವನನ್ನು, ತಾನು ಮದುವೆಯನ್ನೂ ಆಗದೆ ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಇಡೀ ಕಟ್ಟಡ ಅವಳದೇ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದೆ ಎಂದು ಹೇಳಿಕೊಂಡು ಬಂದ ಆ ಸಂಭಾವಿತರಿಗೂ ಅವಳಿಗೂ ನಾಳೆ ಬೆಳಿಗ್ಗೆ ನೋಂದಣಿ ಕಚೇರಿಯಲ್ಲಿ ಮದುವೆ. ಒಳಗಣ್ಣಪ್ಪ ಅವರ ಕೈಕುಲುಕಿ, ಮನುಷ್ಯ ಬಹಳ ಒಳ್ಳೆಯವರು ಎಂದು ಅತ್ತೆಗೆ ಶಿಫಾರಸನ್ನೂ ಮಾಡಿದ್ದ.

“ಅವನು ಕೊಲೆಗಾರ ಕಣೇ,” ಎಂದ ಈಗ.

“ನಲ್ಲಿ ರಿಪೇರಿ ಮಾಡಿದ್ದಕ್ಕಾ?” ಎಂದಳು ಹೆಂಡತಿ. “ಹಾಗಾದ್ರೆ ನಿಮ್ಮಿಂದ ಈ ಜನ್ಮದಲ್ಲಿ ಯಾರಿಗೂ ಅಪಾಯ ಇಲ್ಲ ಬಿಡಿ.”

ಠಾಣೆಗೆ ಓಡಿದ. ಅಲ್ಲಿನ ಇನ್ಸ್‌ಪೆಕ್ಟರ್ ಅವನ ಹಳೆಯ ಗೆಳೆಯ. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಈ ಲಕ್ಷಣವೆಲ್ಲ ತನ್ನ ಭಾವಮೈದುನನಿಗೂ ಹೊಂದುತ್ತದೆ, ಮೊನ್ನೆ ತಾನೇ ಬಂದು ಫ್ಯಾನು ಸರಿಮಾಡಿ ಹೋದ ಎಂದ. ಸ್ಪ್ಯಾನರ್ ಹಿಡಿದವರನ್ನೆಲ್ಲ ಒಳಗೆ ಹಾಕಿದರೆ ಊರಿನ ನಲ್ಲಿಗಳ ಗತಿಯೇನು ಎಂದೂ ಕೇಳಿದ. ಕೊನೆಗೆ ಸ್ವಲ್ಪ ಕರಗಿದ. ಸತ್ತವರೊಬ್ಬರ ಮನೆಯ ಕಟಕಟೆಯ ಅಡಿಯಲ್ಲಿ ಒಂದು ಬೆರಳಚ್ಚು ಸಿಕ್ಕಿತ್ತು. ಆತ ಮುಟ್ಟಿದ ಯಾವುದಾದರೂ ವಸ್ತು ತಂದರೆ ಹೋಲಿಸಿ ನೋಡಬಹುದು ಎಂದ.

ಮಧ್ಯಾಹ್ನ ಮದುಮಕ್ಕಳು ಬಟ್ಟೆ ತರಲು ಹೋಗಿದ್ದ ಹೊತ್ತಿನಲ್ಲಿ ಒಳಗಣ್ಣಪ್ಪ ಮೇಲಿನ ಮನೆಗೆ ನುಸುಳಿದ. ಮೇಜಿನ ಮೇಲೆ ಕುಡಿದಿಟ್ಟ ಎರಡು ಪಿಂಗಾಣಿ ಬಟ್ಟಲುಗಳಿದ್ದವು. ಒಂದು ಅತ್ತೆಯದು, ಅದರಲ್ಲಿ ಸಕ್ಕರೆಯಿಲ್ಲದ ಕಪ್ಪು ಚಹಾದ ಗಸಿ. ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸಿದ. ತಿರುಗಿದರೆ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತಿದ್ದಳು. ಬೀದಿಯ ಸುದ್ದಿಯೆಲ್ಲ ಮೊದಲು ಅವಳ ಬಾಯಿಂದಲೇ ಹೊರಡುತ್ತಿದ್ದುದರಿಂದ ಅವಳನ್ನು ಎಲ್ಲರೂ ವಾರ್ತಮ್ಮ ಎನ್ನುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಬಟ್ಟಲು ತೊಳೆಯುತ್ತಿದ್ದೇನೆ ಎಂದ ಒಳಗಣ್ಣಪ್ಪ. ಜೇಬಿನಿಂದ ಉಳಿದ ಚಹಾ ಪ್ಯಾಂಟಿನ ಉದ್ದಕ್ಕೂ ನಿಧಾನವಾಗಿ ಇಳಿಯುತ್ತಿತ್ತು.

ಅವನು ಬಟ್ಟಲನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಮದುವೆಯಾದರೆ ಮನೆ ಕೈತಪ್ಪಿಹೋಗುತ್ತದೆಂದು ಹೊಟ್ಟೆಕಿಚ್ಚಿನಿಂದ ಅತ್ತೆಯ ಪಾತ್ರೆಪಡಗವನ್ನು ಸಾಗಿಸುತ್ತಿದ್ದಾನೆ ಎಂದರು ಕೆಲವರು. ಪಾಪ, ಕೆಲಸದ ಒತ್ತಡದಿಂದ ತಲೆ ಸಡಿಲವಾಗಿದೆ ಎಂದರು ಅವನ ಹಿತೈಷಿಗಳು. ಅಷ್ಟರಲ್ಲಿ ಪ್ರಯೋಗಾಲಯದಿಂದ ಫೋನು ಬಂತು. ಬಟ್ಟಲಿನ ಅಂಚಿಗೆ ತುಟಿಬಣ್ಣ ಹತ್ತಿದೆಯಲ್ಲ, ಕೊಲೆಗಾರ ಹೆಂಗಸೇ ಎಂದು ಕೇಳಿದರು. ಬೆಳಿಗ್ಗೆ ಅತ್ತೆಯ ಎದುರು ಕೂತು ಚಹಾ ಕುಡಿದು ಹೋದವಳು ವಾರ್ತಮ್ಮ ಎಂಬುದು ಅವನಿಗೆ ಆಗ ಹೊಳೆಯಿತು.

ಮನೆಗೆ ಬಂದಾಗ ಅತ್ತೆ ಕರೆಸಿಕೊಂಡಳು. ಬಾಗಿಲು ಹಾಕಿಕೊಂಡು, ಮಧ್ಯದ ಕುರ್ಚಿಯಲ್ಲಿ ಕೂರಿಸಿ, ಏನಿದೆಲ್ಲ ಎಂದು ಕೇಳಿದಳು. ಅವಳೆದುರು ಸುಳ್ಳು ಹೇಳುವುದು ಚಿಕ್ಕಂದಿನಿಂದಲೂ ಅವನಿಂದ ಆಗಿರಲಿಲ್ಲ, ಅನುಮಾನವನ್ನೆಲ್ಲ ಹೇಳಿಬಿಟ್ಟ. ಅತ್ತೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನಿನ್ನ ಮದುವೆ ದಿನ ನಾನು ನಿನ್ನ ಹೆಂಡತಿ ಬೆರಳಚ್ಚು ತಗೊಂಡಿದ್ನೇನೋ?” ಎಂದಳು. ಕಿಟಕಿಯ ಕಡೆ ತಿರುಗಿ, “ಈ ವಯಸ್ಸಲ್ಲಿ ಒಬ್ರು ಬಂದು, ನಿಮ್ಮ ಜೊತೆ ಮಾತಾಡೋದೇ ಸಂತೋಷ ಅಂದ್ರು. ಅದೂ ನಿನ್ನ ಕಣ್ಣಿಗೆ ಅಪರಾಧವಾಗಿ ಕಾಣ್ತಾ?” ಎಂದಳು.

ಒಳಗಣ್ಣಪ್ಪ ಕುರ್ಚಿಯಿಂದ ಎದ್ದ. ಕಟಕಟೆ ಹಿಡಿದುಕೊಂಡು ಮೆಟ್ಟಿಲಿಳಿದ. ಅದು ಒಂದಿಷ್ಟೂ ಅಲುಗಲಿಲ್ಲ. ತಾನೇ ತಪ್ಪಿರಬಹುದೇ ಎಂಬ ಅನುಮಾನ ಮೊದಲ ಸಲ ಅವನನ್ನು ಕಚ್ಚಿತು. ತಪ್ಪಿದ್ದರೆ ಅತ್ತೆಯ ಕ್ಷಮೆ ಕೇಳಿದರಾಯಿತು. ತಪ್ಪಿಲ್ಲದಿದ್ದರೆ, ಈ ತಿಂಗಳು ಮುಗಿಯುವುದರೊಳಗೆ ಇದೇ ಮೆಟ್ಟಿಲ ಬುಡದಲ್ಲಿ ಅತ್ತೆಯ ಹೆಣ. ಆ ಚಿತ್ರ ಕಣ್ಣಮುಂದೆ ಬಂದದ್ದೇ ಅವನ ಅಳುಕು ಓಡಿಹೋಯಿತು. ಬೆರಳಿನ ಗುರುತು ಸಿಗದಿದ್ದರೆ ಬೇಡ, ಮನಸ್ಸಿನ ಗುರುತು ತನಗೆ ಗೊತ್ತಿದೆಯಲ್ಲ. ಮದುವೆಗೆ ಮುನ್ನ ಅತ್ತೆ ಈ ಸಂಜೆ ಇಟ್ಟುಕೊಂಡಿರುವ ಚಹಾಕೂಟಕ್ಕೆ ನೀನೂ ಬಾ, ಕೇಕು ಚೆನ್ನಾಗಿರುತ್ತದೆ ಎಂದು ಇನ್ಸ್‌ಪೆಕ್ಟರನಿಗೆ ಫೋನು ಮಾಡಿದ.

ಸಂಜೆ ಅತ್ತೆಯ ಹಜಾರದ ತುಂಬ ಜನ. ಹಡಗಿನವರು ಬೆಳ್ಳಗಿನ ಅಂಗಿ ತೊಟ್ಟು, ಅಳತೆಪಟ್ಟಿ ಇಟ್ಟು ಕೊಯ್ದಂತೆ ಕೇಕನ್ನು ಸರಿಸಮ ತುಂಡು ಮಾಡುತ್ತಿದ್ದರು. ಒಳಗಣ್ಣಪ್ಪ ಎದ್ದು ನಿಂತು, ನಾಲ್ಕು ಮಾತು ಹೇಳುತ್ತೇನೆ ಎಂದ. ಶುಭ ಹಾರೈಸುತ್ತಾನೆಂದು ಜನ ಸುಮ್ಮನಾದರು. ಅವನು ಮೆಟ್ಟಿಲಿನಿಂದ ಬಿದ್ದು ಸತ್ತ ಹೆಂಗಸರ ಕತೆ ಶುರುಮಾಡಿದ. ಹೆಂಡತಿ ಬೆನ್ನಿಗೆ ಚಿವುಟಿದಳು. ಅತ್ತೆ ಕಣ್ಣು ಕೆಂಪಗೆ ಮಾಡಿದಳು. ವಾರ್ತಮ್ಮ ಮಾತ್ರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆ ಕೊಲೆಗಾರ ಬಹಳ ಬುದ್ಧಿವಂತ ಎಂದು ಪತ್ರಿಕೆಯವರು ಬರೆಯುತ್ತಾರೆ, ಆದರೆ ತಾನು ಕಂಡಂತೆ ಅವನು ಶುದ್ಧ ಮೊದ್ದು ಎಂದ ಒಳಗಣ್ಣಪ್ಪ. ಹಡಗಿನವರು ಚಾಕುವನ್ನು ತಟ್ಟೆಯ ಅಂಚಿಗೆ ಸರಿಯಾಗಿ ನೇರಮಾಡಿ ಇಟ್ಟರು. ಅವನಿಗೆ ಮರಗೆಲಸದ ಗಂಧಗಾಳಿಯೂ ಇಲ್ಲ, ಅವನ ಕೆಲಸ ನೋಡಿ ನಮ್ಮ ಠಾಣೆಯ ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕ ಎಂದ. ಹಡಗಿನವರ ಕಿವಿಯ ತುದಿ ಕೆಂಪಾಯಿತು.

“ಕಟಕಟೆಯ ಸ್ಕ್ರೂ ಎಲ್ಲಾ ಬಿಚ್ಚಿ ಹಾಗೇ ಬಿಟ್ಟಿದ್ದ,” ಎಂದ ಒಳಗಣ್ಣಪ್ಪ. “ಕುರುಡನಿಗೂ ಕಾಣೋ ಹಾಗೆ ತೂತು. ಸ್ಕ್ರೂಡ್ರೈವರ್ ಹಿಡಿಯೋಕೂ ಬಾರದ ದಡ್ಡ.”

“ಬಿಚ್ಚಿರಲಿಲ್ಲ,” ಎಂದರು ಹಡಗಿನವರು.

ಎಲ್ಲರೂ ಅವರ ಕಡೆ ತಿರುಗಿದರು.

“ಬಿಚ್ಚಿದ್ರೆ ಅಲ್ಲಾಡುತ್ತೆ, ಗೊತ್ತಾಗಲ್ವಾ? ಒಳಗಿಂದ ಕತ್ತರಿಸಿ, ತಲೆಯನ್ನ ಮಾತ್ರ ಮೇಣದಲ್ಲಿ ಕೂರಿಸಿದ್ದು. ಎಂಥ ಬಡಗಿ ಬಂದ್ರೂ ಕಂಡುಹಿಡಿಯೋಕಾಗಲ್ಲ. ಗೊತ್ತಿಲ್ಲದೆ ಮಾತಾಡಬಾರದು.”

“ಮೇಣದ ವಿಷಯ ನಾವು ಯಾವ ಪತ್ರಿಕೆಗೂ ಹೇಳಿಲ್ವಲ್ಲ,” ಎಂದ ಇನ್ಸ್‌ಪೆಕ್ಟರ್, ಬಾಯಲ್ಲಿದ್ದ ಕೇಕನ್ನು ನುಂಗಿ.

ಹಡಗಿನವರು ಒಂದೇ ನೆಗೆತಕ್ಕೆ ಬಾಗಿಲಿಗೆ ಹಾರಿದರು. ಆದರೆ ಪಾಠದ ನಡುವೆ ಜಾರಿಕೊಳ್ಳುವವರನ್ನು ಹಿಡಿಯುತ್ತಲೇ ಆಯುಷ್ಯ ಕಳೆದ ಅತ್ತೆ ಅವರಿಗಿಂತ ಮೊದಲೇ ಬಾಗಿಲಲ್ಲಿದ್ದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು, ದನಿ ಮಾತ್ರ ನಡುಗಲಿಲ್ಲ.

“ಕೂತ್ಕೋ,” ಎಂದಳು.

ಆತ ಕೂತ. ಹಡಗಿನವರು ಎಂಬ ಬಹುವಚನವೂ ಅಲ್ಲಿಗೆ ಮುಗಿಯಿತು. ಬೇಡಿ ಬೀಳುವ ಹೊತ್ತಿಗೆ ಎಲ್ಲರ ಬಾಯಲ್ಲೂ ಹಡಗಿನವ ಆಗಿದ್ದ. ಇನ್ಸ್‌ಪೆಕ್ಟರ್ ಹೊರಗೆ ಹೋಗಿ ಕಟಕಟೆಯನ್ನು ಬಲವಾಗಿ ಜಗ್ಗಿದ. ಮೂಲಂಗಿ ಕಿತ್ತಂತೆ ಒಂದು ಕಡೆ ಪೂರ್ತಿ ಕಳಚಿಕೊಂಡು ಬಂತು. ಒಂದೇ ಒಂದು ಸ್ಕ್ರೂ ಗಟ್ಟಿಯಿತ್ತು. ಅದನ್ನು ಕತ್ತರಿಸುವುದು ಮದುವೆಯ ನಂತರದ ಕೆಲಸವೆಂದು ಉಳಿಸಿಕೊಂಡಿದ್ದ. ಕಟಕಟೆ ಮುರಿದವನನ್ನು ಕೋರ್ಟಿನ ಕಟಕಟೆಗೇ ಹತ್ತಿಸುತ್ತೇನೆ ಎಂದು ಇನ್ಸ್‌ಪೆಕ್ಟರ್ ಘೋಷಿಸಿದ.

ಆಮೇಲೆ ನಡೆದದ್ದನ್ನು ಒಳಗಣ್ಣಪ್ಪ ಬದುಕಿರುವವರೆಗೆ ಮರೆಯುವಂತಿರಲಿಲ್ಲ. ಅವನನ್ನು ಹುಚ್ಚನೆಂದಿದ್ದ ಜನವೇ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಫ್ಯಾನಿಗೆ ತಲೆ ತಗಲುವುದೊಂದು ಬಾಕಿ. ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದಳು ವಾರ್ತಮ್ಮ. ಹೆಂಡತಿ ಹೊಸದಾಗಿ ಮದುವೆಯಾದಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಅತ್ತೆ ಅವನನ್ನು ಕೆಳಗಿಳಿಸಿ ಎರಡೂ ಕೆನ್ನೆ ಹಿಡಿದುಕೊಂಡಳು.

“ನನ್ನ ಜೀವ ಉಳಿಸಿದೆ ಮಗನೇ. ನಿನ್ನ ಮಾತು ನಂಬಬೇಕಿತ್ತು,” ಎಂದವಳ ಕಣ್ಣು ತುಂಬಿ ಬಂತು. ಒಳಗಣ್ಣಪ್ಪನೂ ಅತ್ತ. ಜನ ಚಪ್ಪಾಳೆ ತಟ್ಟಿದರು.

ಇಡೀ ಬೀದಿ ಚಪ್ಪಾಳೆ ತಟ್ಟುತ್ತಲೇ ಜೀಪಿನ ಸುತ್ತ ನೆರೆಯಿತು. ಹಡಗಿನವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕುವ ಮುಂಚೆ ಇನ್ಸ್‌ಪೆಕ್ಟರನಿಗೆ ಒಂದು ಕುತೂಹಲ ಉಳಿದಿತ್ತು. ಇಷ್ಟು ದೊಡ್ಡ ಊರಿನಲ್ಲಿ ಈ ಹೆಂಗಸೇ ನಿನಗೆ ಹೇಗೆ ಸಿಕ್ಕಳು ಎಂದು ಕೇಳಿದ.

“ನಾನೆಲ್ಲಿ ಹುಡುಕಿದೆ?” ಎಂದ ಹಡಗಿನವ, ಒಳಗಣ್ಣಪ್ಪನ ಕಡೆ ನೋಡಿ. “ಇವರೇ ಹೇಳಿದ್ರಲ್ಲ. ಗ್ರಂಥಾಲಯದಲ್ಲಿ ಭಾಷಣ ಮಾಡಿದ್ರು, ಕೊಲೆಗಾರನ ಮನಸ್ಸು ಅಂತ. ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಇಂಥವನು ಎಂಥವರನ್ನ ಹುಡುಕ್ತಾನೆ ಅನ್ನೋದಕ್ಕೆ ಉದಾಹರಣೆ ಕೊಟ್ರು.”

ಚಪ್ಪಾಳೆ ನಿಂತಿತು. ಒಬ್ಬರು ವಯಸ್ಸಾದ ಸಂಬಂಧಿಕರು ಎಂದಷ್ಟೇ ಹೇಳಿದ್ದೆ ಎಂದು ಒಳಗಣ್ಣಪ್ಪ ತೊದಲಿದ.

ತಪ್ಪು ಹೇಳಿದರೆ ಹಡಗಿನವನಿಗೆ ತಡೆಯದು ಎಂಬುದನ್ನು ಕಂಡುಹಿಡಿದ ಒಳಗಣ್ಣಪ್ಪನೇ ಅದನ್ನು ಮರೆತಿದ್ದ.

“ಹಾಗಲ್ಲ,” ಎಂದ ಹಡಗಿನವ. “ನಮ್ಮ ಮನೆ ಮೇಲೇ ಇರೋ ಸೋದರತ್ತೆ ಅಂದ್ರಿ. ನೋಡೋಕೆ ಹುಲಿ, ಹೊಗಳಿದ್ರೆ ಬೆಣ್ಣೆ ಅಂದ್ರಿ. ಒಬ್ಬ ಗಂಡಸು ನಿಮ್ಮ ಮಾತು ಕೇಳೋಕೆ ಚೆಂದ ಅಂದ್ರೆ ಸಾಕು, ಬೀಗದ ಕೈ ಕೊಟ್ಟುಬಿಡ್ತಾರೆ ಅಂದ್ರಿ. ಜನ ಬಹಳ ನಕ್ಕರು.”

ಅತ್ತೆಯ ಕಣ್ಣಲ್ಲಿದ್ದ ನೀರು ಎಲ್ಲಿ ಹೋಯಿತೋ. ಮೂಗಿನ ಮೇಲಿನ ಕನ್ನಡಕವನ್ನು ನಿಧಾನವಾಗಿ ತೆಗೆದು ಮಡಿಸಿದಳು. ಶಾಲೆಯಲ್ಲಿ ಅವಳು ಕನ್ನಡಕ ಮಡಿಸಿದರೆ ಮುಂದೇನಾಗುತ್ತದೆಂದು ಊರಿನ ಅರ್ಧದಷ್ಟು ಜನಕ್ಕೆ ಗೊತ್ತಿತ್ತು. ಅವರು ಒಂದೊಂದು ಹೆಜ್ಜೆ ಹಿಂದೆ ಸರಿದರು.

“ಹೆಂಡತಿ ಬಗ್ಗೆನೂ ಒಂದು ಉದಾಹರಣೆ ಇತ್ತು. ಪಕ್ಕದ ಮನೆಯವರ ಬಗ್ಗೆನೂ,” ಎಂದ ಹಡಗಿನವ. “ಜ್ಞಾಪಕ ಇದೆ, ಹೇಳ್ಲಾ?”

“ಹೇಳಿ,” ಎಂದಳು ಹೆಂಡತಿ. ವಾರ್ತಮ್ಮ ಆಗಲೇ ಜೀಪಿನ ಕಿಟಕಿಗೆ ಬಂದು ನಿಂತಿದ್ದಳು.

ಒಳಗಣ್ಣಪ್ಪ ಮೂವರ ಮುಖವನ್ನೂ ನೋಡಿದ. ಈ ಸಲ ಯಾರು ಏನು ಮಾಡಬಹುದೆಂದು ತಿಳಿಯಲು ಒಳಗಣ್ಣೇನೂ ಬೇಕಿರಲಿಲ್ಲ. ತುರ್ತಾಗಿ ಹೇಳಿಕೆ ಬರೆಸುವುದಿದೆ, ನಾನೂ ಠಾಣೆಗೆ ಬರುತ್ತೇನೆ ಎಂದು ಜೀಪಿನ ಬಾಗಿಲು ಹಿಡಿದುಕೊಂಡ. ನಾಳೆ ಬಂದರೆ ಸಾಕು, ಜಾಗವಿಲ್ಲ ಎಂದ ಇನ್ಸ್‌ಪೆಕ್ಟರ್, ನಗು ತಡೆದುಕೊಳ್ಳುತ್ತ.

ಹಡಗಿನವ ಮಾತ್ರ ಬೇಡಿ ಹಾಕಿದ ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡು, ಸಂಭಾವಿತನಂತೆ ಒಂದಿಷ್ಟು ಸರಿದು ಕೂತ.