ಫೆನಿಮೋರ್‌ಗೆ ಬಿದ್ದ ಒಂದು ಮತ

ಆ ಹಸಿರು ಟೋಪಿಯನ್ನು ಎವರಾರ್ಡ್ ತಿಬೂ ಕೇಳಿ ಪಡೆದಿರಲಿಲ್ಲ. ಮಂಗಳವಾರ ಮಧ್ಯಾಹ್ನ ಫ್ಲ್ಯಾಟ್‌ಬುಷ್ ರಸ್ತೆಯ ಡಾಂಬರು ಮೆತ್ತಗಾಗುವಷ್ಟು ಬಿಸಿಲಿತ್ತು. ಎಪ್ಪತ್ತೊಂದು ವರ್ಷದ ಅವನ ಬೋಳು ತಲೆ ಒಲೆಯ ಮೇಲೆ ಮರೆತು ಬಿಟ್ಟ ಹಂಚಿನ ಹಾಗೆ ಕಾದಿತ್ತು. ಸಬ್‌ವೇ ಮೆಟ್ಟಿಲ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಅವನ ಅವಸ್ಥೆ ನೋಡಿ ಮರುಗಿ, ಕೈಚೀಲದಿಂದ ಟೋಪಿಯೊಂದನ್ನು ತೆಗೆದು ತಾನೇ ಅವನ ತಲೆಯ ಮೇಲಿಟ್ಟಳು. ಎವರಾರ್ಡ್ ಥ್ಯಾಂಕ್ಸ್ ಹೇಳಿ ನಡೆದ. ಟೋಪಿಯ ಮೇಲೆ ಬರೆದದ್ದನ್ನು ಹಾಕಿಕೊಂಡವನು ಓದಲಾರ. ಎದುರಿಗೆ ಬಂದವರೆಲ್ಲ ಓದಿದರು: "ಮೇಯರ್ ಆಗಲಿ ಫೆನಿಮೋರ್."

ಮತಗಟ್ಟೆಯಿದ್ದ ಶಾಲೆಯ ಬಾಗಿಲಲ್ಲಿ ಟೋಪಿ ತೆಗೆಯಿರಿ ಎಂದರು. ಚರ್ಚಿನಲ್ಲಿ ತೆಗೆಯುವ ಹಾಗೆ ಇಲ್ಲಿಯೂ ಮರ್ಯಾದೆಗೆ ತೆಗೆಯಬೇಕೇನೋ ಎಂದುಕೊಂಡು ಅವನು ಅದನ್ನು ನೋಡದೆಯೇ ಮಡಚಿ ಜೇಬಿಗೆ ಹಾಕಿಕೊಂಡ. ಹೆಂಡತಿ ಎಸ್ಮಿ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹೇಳಿದ್ದಂತೆ ಆಕೊಸ್ತಾ ಹೆಸರನ್ನು ಮೊದಲನೆಯದಾಗಿ ಗುರುತು ಮಾಡಿದ. ಈ ಊರಿನಲ್ಲಿ ಐದು ಹೆಸರುಗಳನ್ನು ಒಂದರ ಕೆಳಗೊಂದು ಆರಿಸಬಹುದು. ಫೆನಿಮೋರ್‌ನನ್ನು ಅವನು ಐದನೆಯವನನ್ನಾಗಿಯೂ ಹಾಕಲಿಲ್ಲ. ಹೊರಗೆ ಬಂದು ಮತ್ತೆ ಟೋಪಿ ಹಾಕಿಕೊಂಡು ಮನೆಗೆ ನಡೆದ.

ಅದು ಪಕ್ಷದೊಳಗೆ ಮೇಯರ್ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಇದರಲ್ಲಿ ಗೆದ್ದವರು ನವೆಂಬರಿನಲ್ಲಿ ಗೆದ್ದ ಹಾಗೆಯೇ ಎಂದು ಊರಿನ ಲೆಕ್ಕ. ಎವರಾರ್ಡ್ ಇದ್ದ ಆರು ಮಹಡಿಯ ಹಳೆಯ ಇಟ್ಟಿಗೆ ಕಟ್ಟಡಕ್ಕೆ ಮಾತ್ರ ಅದು ಮೇಯರ್ ಪ್ರಶ್ನೆಯಾಗಿರಲಿಲ್ಲ, ಸೂರಿನ ಪ್ರಶ್ನೆಯಾಗಿತ್ತು. ಹಳೆಯ ಬಾಡಿಗೆದಾರರನ್ನು ಎಬ್ಬಿಸಿ ಕಟ್ಟಡ ಕೆಡವಲು ಕಾಯುತ್ತಿದ್ದ ಮಾಲೀಕ, ಫೆನಿಮೋರ್‌ನ ಹೆಗಲ ಮೇಲೆ ಕೈ ಹಾಕಿ ನಿಂತ ಫೋಟೊ ಪೇಪರಿನಲ್ಲಿ ಬಂದಿತ್ತು. ಯಾರನ್ನೂ ಎಬ್ಬಿಸಲು ಬಿಡುವುದಿಲ್ಲವೆಂದು ಆಕೊಸ್ತಾ ಇದೇ ಕಟ್ಟಡದ ಅಂಗಳದಲ್ಲಿ ನಿಂತು ಹೇಳಿ ಹೋಗಿದ್ದಳು. ಅವಳನ್ನು ಅಲ್ಲಿಗೆ ಕರೆಸಿದವಳು ಎಸ್ಮಿ. ಇಪ್ಪತ್ತಾರು ವರ್ಷ ಬಾಡಿಗೆದಾರರ ಸಂಘಕ್ಕಾಗಿ ಬಾಗಿಲು ಬಾಗಿಲು ತಟ್ಟಿದವಳು. ಚುನಾವಣೆಗೆ ಹತ್ತು ದಿನ ಮೊದಲು, ಮುಂಗಡ ಮತದಾನ ಶುರುವಾದ ಶನಿವಾರ ಗಾಲಿಕುರ್ಚಿಯಲ್ಲಿ ಹೋಗಿ ಮತ ಹಾಕಿ ಬಂದಳು, ಸೋಮವಾರ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತಷ್ಟೆ.

ಬುಧವಾರ ಬೆಳಿಗ್ಗೆ ಆಕೊಸ್ತಾ ಗೆದ್ದ ಸುದ್ದಿಗೆ ಕಟ್ಟಡವೆಲ್ಲ ಮದುವೆ ಮನೆಯಾಗಿತ್ತು. ಕಿಟಕಿಗಳಿಂದ ಪಾತ್ರೆ ಬಡಿಯುತ್ತಿದ್ದರು. ಎವರಾರ್ಡ್ ಬ್ರೆಡ್ ತರಲು ಇಳಿದಾಗ ಲಿಫ್ಟಿನ ಎದುರು ಗುಂಪು ನೆರೆದಿತ್ತು. ಎರಡನೇ ಮಹಡಿಯ ಮಾರ್ಟಿ ಲಿಫ್‌ಶಿಟ್ಸ್, ನಲವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದವನು, ಕಂಪ್ಯೂಟರಿನಿಂದ ಅಂಕಿಗಳನ್ನು ತೆಗೆದು ಗೋಡೆಗೆ ಅಂಟಿಸಿದ್ದ. ಕಟ್ಟಡದ ಎರಡು ಭಾಗ ಸೇರಿ ಒಂದೇ ಮತಕ್ಷೇತ್ರ. ಆಕೊಸ್ತಾಗೆ ಇನ್ನೂರ ಎಂಟು. ಫೆನಿಮೋರ್‌ಗೆ ಒಂದು.

ಆ ಒಂದರ ಸುತ್ತ ಯಾರೋ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು.

ಎವರಾರ್ಡ್ ಹತ್ತಿರ ಬಂದಂತೆ ಮಾತು ನಿಂತಿತು. ಸಂಘದ ಅಧ್ಯಕ್ಷೆ ಬರ್ನಿಸ್ ಕಾಡ್ರಿಂಗ್ಟನ್, ನಾಲ್ಕನೇ ಮಹಡಿಯ ಬಾರ್ಬಡೋಸ್ ಹೆಂಗಸು, ಕೊಡೆಯ ಕೋಲಿನಷ್ಟು ನೆಟ್ಟಗೆ ನಿಂತು ಅವನನ್ನು ನೋಡಿದಳು.

"ನಿನ್ನೆ ಒಳ್ಳೇ ಟೋಪಿ ಹಾಕಿದ್ರಿ ಮಿಸ್ಟರ್ ತಿಬೂ," ಎಂದಳು.

"ಹೌದು, ಬಿಸಿಲು ಜಾಸ್ತಿ ಇತ್ತಲ್ಲ," ಎಂದ ಎವರಾರ್ಡ್, ಯಾರೋ ತನ್ನ ಬಟ್ಟೆಬರೆ ಗಮನಿಸಿದ್ದಕ್ಕೆ ಸಂತೋಷಪಟ್ಟು.

ಮನೆಗೆ ಹೋಗಿ ಟೋಪಿಯನ್ನು ಕೈಯಲ್ಲಿ ಹಿಡಿದು ಓದಿದಾಗಲೇ ಅವನಿಗೆ ಬರ್ನಿಸ್ ಮಾತಿನ ಅರ್ಥ ಹೊಳೆದದ್ದು. ನಲವತ್ತಾರು ವರ್ಷ ಅವನ ಪಾಲಿನ ಮಾತನ್ನೆಲ್ಲ ಎಸ್ಮಿಯೇ ಆಡಿದ್ದಳು. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಅವಳೇ ಹೋಗಿ ಕೇಳಬೇಕಿತ್ತು. ಕೆಳಗೆ ಹೋಗಿ ವಿವರಿಸಬೇಕು ಎಂದುಕೊಂಡ. ಹೇಗೆ ಶುರು ಮಾಡುವುದೆಂದು ಹೊಳೆಯದೆ, ಮೊದಲು ಟೋಪಿಯನ್ನಾದರೂ ಕಾಣದಂತೆ ಮಾಡೋಣವೆಂದು ಅದನ್ನು ಹಾಲಿನ ಖಾಲಿ ಡಬ್ಬದೊಳಗೆ ತುರುಕಿ ಕಸದ ಕೋಣೆಗೆ ಹೋದ. ಅಲ್ಲಿ ಬರ್ನಿಸ್ ಹಳೆಯ ಪೇಪರ್ ಕಟ್ಟುತ್ತಿದ್ದಳು. ಡಬ್ಬದ ಬಾಯಿಂದ ಹಸಿರು ಅಂಚು ನಾಲಿಗೆಯಂತೆ ಹೊರಗೆ ಚಾಚಿತ್ತು. ಅವಳು ಬಟ್ಟೆಯನ್ನೂ ರಟ್ಟನ್ನೂ ಒಂದೇ ತೊಟ್ಟಿಗೆ ಹಾಕಬಾರದೆಂದು ಮಾತ್ರ ನೆನಪಿಸಿದಳು.

ಹನ್ನೊಂದು ಗಂಟೆಗೆ ಇನ್ನೊಂದು ಪೇಚು ಬಂತು. ಮಾಲೀಕನ ಕಡೆಯ ಮ್ಯಾನೇಜರು, ವರ್ಷಕ್ಕೊಮ್ಮೆಯೂ ಮುಖ ತೋರಿಸದವನು, ಅಂದು ಸೆಲೋಫೇನ್ ಸುತ್ತಿದ ದೊಡ್ಡ ಹಣ್ಣಿನ ಬುಟ್ಟಿ ಹೊತ್ತು ಬಂದ. ಎಸ್ಮಿ ಸತ್ತದ್ದು ಅವನಿಗೆ ತಡವಾಗಿ ತಿಳಿದಿತ್ತು. ಕೆಳಗೆ, ಎಲ್ಲರ ಎದುರಿಗೆ, ಎವರಾರ್ಡ್‌ನ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿ, ನಿಮ್ಮನ್ನು ನಾವು ಮರೆಯೋದಿಲ್ಲ ಎಂದು ಹೇಳಿ ಹೋದ. ಅನಾನಸ್ಸಿನ ಜುಟ್ಟು ಎವರಾರ್ಡ್‌ನ ಮುಖವನ್ನು ಅರ್ಧ ಮುಚ್ಚಿತ್ತು. ಉಳಿದ ಅರ್ಧವನ್ನು ಎಲ್ಲರೂ ನೋಡಿದರು.

ಮಧ್ಯಾಹ್ನ ಬಾಗಿಲು ತಟ್ಟುವುದು ಶುರುವಾಯಿತು. ಎಸ್ಮಿ ಹೋದ ದಿನದಿಂದ ನೆರೆಯವರು ಸರದಿಯ ಮೇಲೆ ಅಡುಗೆ ಕಳಿಸಿದ್ದರು. ಫ್ರಿಜ್ಜಿನಲ್ಲಿ ಅವರ ಪಾತ್ರೆಗಳೇ ತುಂಬಿದ್ದವು. ಈಗ ಒಬ್ಬೊಬ್ಬರೇ ಬಂದು ತಮ್ಮದನ್ನು ಕೇಳಿದರು. ಅವಸರವಿಲ್ಲ, ಆದರೆ ಬೇಕಾಗಿತ್ತು ಎಂದರು. ಮೆಕರೋನಿ ಪೈ ಇನ್ನೂ ಅರ್ಧ ಉಳಿದಿತ್ತು, ಅದರ ಜೊತೆಗೇ ತಟ್ಟೆ ಹೋಯಿತು. ಬಟಾಣಿ ಅನ್ನದ ಪಾತ್ರೆಯನ್ನು ಅವನು ತೊಳೆಯಲು ಹೋದಾಗ, ಪರವಾಗಿಲ್ಲ ನಾನೇ ತೊಳ್ಕೋತೀನಿ ಎಂದು ಆ ಮನೆಯಾಕೆ ಕಿತ್ತುಕೊಂಡಳು. ಮೂರು ಗಂಟೆಯ ಹೊತ್ತಿಗೆ ಫ್ರಿಜ್ಜಿನಲ್ಲಿ ಉಳಿದದ್ದು ಅನಾನಸು ಒಂದೇ.

ಕೊನೆಗೆ ಬರ್ನಿಸ್ ಬಂದಳು. ಅವಳದು ಯಾವ ಪಾತ್ರೆಯೂ ಇರಲಿಲ್ಲ. ಸಂಜೆ ಆರಕ್ಕೆ ಅಂಗಳದಲ್ಲಿ ಗೆಲುವಿನ ಸಭೆ, ಎಸ್ಮಿಯ ಫೋಟೊ ಗೋಡೆಗೆ ಹಾಕುವುದೂ ಆಗಲೇ. ಫೋಟೊ ಹಾಕುವವನು ಎವರಾರ್ಡ್ ಎಂದು ಮೊದಲೇ ಗೊತ್ತಾಗಿತ್ತು. ಅದಕ್ಕಾಗಿ ಅವನು ಬಿಳಿ ಅಂಗಿ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದ. ಬರ್ನಿಸ್ ಆ ಅಂಗಿಯನ್ನು ನೋಡಿದಳು, ಅವಳ ದನಿ ಮೆತ್ತಗಾಯಿತು.

"ನೀವು ಬನ್ನಿ. ಬರಬೇಡಿ ಅನ್ನಲ್ಲ. ಫೋಟೊ ಮಾತ್ರ ನಾನೇ ಹಾಕ್ತೀನಿ. ಜನ ಏನಾದ್ರೂ ಅಂದ್ರೆ ಎಸ್ಮಿ ಹೆಸರಿಗೆ ಒಳ್ಳೇದಲ್ಲ."

"ನಾನು ಆಕೊಸ್ತಾಗೇ ಹಾಕಿದ್ದು," ಎಂದ ಎವರಾರ್ಡ್.

"ಇನ್ನೂರೊಂಬತ್ತು ಜನಾನೂ ಅದೇ ಹೇಳ್ತಿದಾರೆ," ಎಂದಳು ಬರ್ನಿಸ್.

ಅವಳು ಹೋದ ಮೇಲೆ ಅವನು ಕುರ್ಚಿಯಲ್ಲಿ, ಅಂಗಿಗೆ ಒರಗದಂತೆ ಮುಂದೆ ಸರಿದು ಕುಳಿತ. ಹೆಂಡತಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಆರು ಮಹಡಿಯನ್ನೂ ಹತ್ತಿಳಿದು ಎಲ್ಲರ ಬಾಯಿ ಮುಚ್ಚಿಸಿರುತ್ತಿದ್ದಳು. ಅವಳು ಸತ್ತಿದ್ದಾಳೆ ಎಂಬುದು ಆ ವಾರದಲ್ಲಿ ಅವನಿಗೆ ಪೂರ್ತಿ ಅರ್ಥವಾದದ್ದು ಆಗಲೇ.

ನಾಲ್ಕು ಗಂಟೆಗೆ ಮಿರ್ಲಾಂಡ್ ಬಂದಳು. ಕೊನೆಯ ಐದು ತಿಂಗಳು ಎಸ್ಮಿಯನ್ನು ನೋಡಿಕೊಂಡ ಹೈಟಿಯ ಹೆಂಗಸು ಅವಳು. ಗಾಲಿಕುರ್ಚಿ ತಳ್ಳಿಕೊಂಡು ಮತಗಟ್ಟೆಗೆ ಹೋದವಳೂ ಅವಳೇ. ಬಾಗಿಲು ಹಾಕಿ, ಚಿಲಕ ಸರಿಯಾಗಿ ಬಿತ್ತೇ ಎಂದು ನೋಡಿ, ನಿಂತೇ ಇದ್ದಳು.

"ಮಿಸ್ಟರ್ ಎವರಾರ್ಡ್, ಬಸ್ಸಲ್ಲಿ ಎಲ್ಲಾ ಕೇಳಿದೆ. ಮಿಸ್ ಎಸ್ಮಿಗೆ ಕೈ ನಡುಗ್ತಿತ್ತಲ್ಲ, ಅಲ್ಲಿ ನಾನೇ ಪೆನ್ನು ಹಿಡಿದಿದ್ದು. ಯಾರಿಗೂ ಹೇಳಲ್ಲ ಅಂತ ಸಹಿ ಹಾಕ್ಸಿಕೊಂಡಿದಾರೆ. ಗಂಡನಿಗೆ ಹೇಳಿದ್ರೆ, ಯಾರಿಗೋ ಹೇಳಿದ ಹಾಗೆ ಆಗುತ್ತಾ?"

ಎವರಾರ್ಡ್ ತನಗೆ ಗೊತ್ತಿಲ್ಲವೆಂದ.

"ಅವ್ರು ಒಂದೇ ಹೆಸರು ಹಾಕ್ಸಿದ್ದು. ಫೆನಿಮೋರ್."

ಎವರಾರ್ಡ್ ಮೊದಲು ನಕ್ಕ. ಮಿರ್ಲಾಂಡ್ ನಗಲಿಲ್ಲ. ಅವನು ಯಾಕೆ ಎಂದು ಕೇಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮಾರ್ಟಿ, ಏದುಸಿರು ಬಿಡುತ್ತ, ಕೈಯಲ್ಲಿ ಹೊಸ ಹಾಳೆ ಹಿಡಿದು ಒಳಗೆ ನುಗ್ಗಿದ.

"ಕ್ಷಮಿಸಿಬಿಡು ಕಣಯ್ಯ. ನಾನು ಮಾಡಿದ್ದು ತಪ್ಪು ಲೆಕ್ಕ. ಆ ಮತ ಮಂಗಳವಾರದ್ದಲ್ಲ, ಮುಂಗಡದ್ದು. ನೀನು ಹಾಕಿದ್ದು ಮಂಗಳವಾರ. ನೀನು ತೊಳೆದ ಮುತ್ತು."

ಮುತ್ತು ಮಿರ್ಲಾಂಡ್ ಕಡೆ ನೋಡಿತು. ಮಾರ್ಟಿಗೆ ಅದು ಗಮನಕ್ಕೆ ಬರಲಿಲ್ಲ, ಅವನು ಮುಂದಿನ ಹೆಜ್ಜೆಗೆ ಹೋಗಿಯಾಗಿತ್ತು. ಮಂಗಳವಾರ ಎಲ್ಲರನ್ನೂ ಸಾಲಾಗಿ ಕರೆದೊಯ್ಯುವ ಕೆಲಸವಿದ್ದುದರಿಂದ ನಾನೂ ಬರ್ನಿಸ್‌ಳೂ ಮೊದಲೇ ಮತ ಹಾಕಿದ್ದೆವು, ಎಸ್ಮಿ ಕಾಯಿಲೆಯಿಂದಾಗಿ ಹಾಕಿದಳು. ಬರ್ನಿಸ್‌ಳ ಮತ ಹಾಕಿದವರ ಹಾಜರಿ ಪುಸ್ತಕದ ಪ್ರಕಾರ ಕಟ್ಟಡದಲ್ಲಿ ಮುಂಗಡ ಹಾಕಿದವರು ಈ ಮೂವರೇ. ಎಸ್ಮಿಯನ್ನು ಬಿಡು, ಅವಳು ದೇವರಿಗೆ ಸಮಾನ. ನಾನಂತೂ ಅಲ್ಲ. ಉಳಿದವಳು ಒಬ್ಬಳೇ, ಅವಳೇ ಇವತ್ತು ಬೆಳಿಗ್ಗೆಯಿಂದ ಎಲ್ಲರಿಗಿಂತ ಜೋರಾಗಿ ಕಳ್ಳನನ್ನು ಹುಡುಕುತ್ತಿದ್ದಾಳೆ ಎಂದು ಮಾರ್ಟಿ ಹೇಳಿದ. ಸಭೆಯಲ್ಲಿ ಎಲ್ಲರೆದುರಿಗೆ ಕೇಳುತ್ತೇನೆಂದು ಹೊರಟೇ ಹೋದ.

ಆರು ಗಂಟೆಗೆ ಅಂಗಳದಲ್ಲಿ ಬಿಸಿಲಿನ್ನೂ ಇಳಿದಿರಲಿಲ್ಲ. ಬಿಳಿ ಅಂಗಿ ತೊಟ್ಟು ಎವರಾರ್ಡ್ ಬಂದಾಗ ಸಭೆ ಎರಡು ಹೋಳಾಗಿತ್ತು. ಮಾರ್ಟಿ ಹಾಳೆ ಎತ್ತಿ ಹಿಡಿದು ಬರ್ನಿಸ್‌ಳನ್ನು ಕೇಳಿದ್ದ. ಬರ್ನಿಸ್, ಗಣಿತದ ಮೇಷ್ಟ್ರ ಮೊಮ್ಮಗಳು ಮಾಲೀಕನ ಆಫೀಸಿನಲ್ಲೇ ಕೆಲಸ ಮಾಡುವುದನ್ನು ಎಲ್ಲರಿಗೂ ಜ್ಞಾಪಿಸಿದ್ದಳು. ಕಟ್ಟಡದ ಎಡಭಾಗದವರು ಬರ್ನಿಸ್ ಕಡೆ, ಬಲಭಾಗದವರು ಮಾರ್ಟಿ ಕಡೆ. ಅದುವರೆಗೆ ಒಟ್ಟಿಗೆ ನಿಂತು ಮಾಲೀಕನ ಮೂರು ನೋಟಿಸುಗಳನ್ನು ಹಿಂದಕ್ಕೆ ಕಳಿಸಿದ್ದ ಸಂಘ, ಗೆದ್ದ ದಿನವೇ ಒಡೆಯುವ ಹಾಗೆ ಕಾಣಿಸಿತು. ಯಾರೋ ಹಿಂದಿನಿಂದ, ಮೂರನೆಯವರೂ ಒಬ್ಬರಿದ್ದರಲ್ಲ ಎಂದರು. ಯಾರು ಅಂದದ್ದೆಂದು ಎಲ್ಲರೂ ತಿರುಗಿ ನೋಡಿದರು. ಮಾತು ಗಾಳಿಯಲ್ಲಿ ಹಾಗೇ ನಿಂತಿತು.

ಮೇಜಿನ ಮೇಲೆ ಎಸ್ಮಿ ಚೌಕಟ್ಟಿನೊಳಗಿಂದ ನಗುತ್ತಿದ್ದಳು.

"ಅದು ನಾನು," ಎಂದ ಎವರಾರ್ಡ್.

ಅವನ ದನಿಯನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಆ ಶನಿವಾರ ನಾನೂ ಎಸ್ಮಿಯ ಹಿಂದೆಯೇ ಹೋಗಿ ಹಾಕಿದ್ದೆ, ಪುಸ್ತಕದಲ್ಲಿ ಬರೆಸಲಿಲ್ಲ ಎಂದ. ಹಾಗಾದರೆ ಮಂಗಳವಾರ ಶಾಲೆಗೆ ಹೋದದ್ದೇಕೆ ಎಂದು ಮಾರ್ಟಿ ಕೇಳಿದ.

"ಮನೇಲಿ ಒಬ್ನೇ ಕೂತಿರೋಕೆ ಆಗ್ಲಿಲ್ಲ. ಅಲ್ಲಿವರೆಗೂ ನಡ್ಕೊಂಡು ಹೋಗಿ ಬಂದೆ."

ಬೆಳಿಗ್ಗೆಯಿಂದ ಅವನು ಹೇಳಿದ ಸತ್ಯಗಳಲ್ಲಿ ಒಂದನ್ನೂ ಯಾರೂ ನಂಬಿರಲಿಲ್ಲ. ಈ ಸುಳ್ಳನ್ನು ಎಲ್ಲರೂ ತಕ್ಷಣ ನಂಬಿದರು. ಎಡಭಾಗ ಬಲಭಾಗ ಒಂದಾದವು. ಮಾರ್ಟಿ ಬರ್ನಿಸ್‌ಳ ಕೈ ಹಿಡಿದು ಕ್ಷಮೆ ಕೇಳಿದ, ಅವಳ ಕಣ್ಣು ತುಂಬಿ ಬಂತು. ಗೋಡೆಯ ಪಕ್ಕ ನಿಂತಿದ್ದ ಮಿರ್ಲಾಂಡ್ ಬಾಯಿ ತೆರೆದು, ಎವರಾರ್ಡ್ ಬೇಡವೆಂದು ತಲೆಯಾಡಿಸಿದ್ದು ಕಂಡು ಮುಚ್ಚಿಕೊಂಡಳು. ನೀವು ಇನ್ನು ಹೊರಡಿ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಡುವೆ ದಾರಿ ಬಿಟ್ಟರು, ಅಷ್ಟೆ.

ಗೇಟಿನಾಚೆ ಬಸ್ ನಿಲ್ದಾಣದ ಬೆಂಚಿನಲ್ಲಿ ಅವನು ಕುಳಿತ. ಸ್ವಲ್ಪ ಹೊತ್ತಿಗೆ ಮಿರ್ಲಾಂಡ್ ಬಂದು ಪಕ್ಕದಲ್ಲಿ ಕುಳಿತಳು.

"ಯಾಕೆ ಅಂತ ಕೇಳಿದ್ಯಾ ಅವಳನ್ನ?" ಎಂದ ಎವರಾರ್ಡ್.

"ಕೇಳಿದೆ. ನಕ್ಕರು. ನಮ್ಮ ಕಟ್ಟಡದಲ್ಲಿ ಈ ಮನುಷ್ಯನಿಗೆ ಒಂದೂ ಬೀಳಲ್ಲ ಕಣೇ, ಪಾಪ, ಸೊನ್ನೆ ನೋಡೋಕೆ ನನ್ನ ಕೈಲಿ ಆಗಲ್ಲ ಅಂದ್ರು. ಆಕೊಸ್ತಾ ಹೇಗಿದ್ರೂ ಗೆಲ್ತಾಳೆ, ಅವಳಿಗೆ ನನ್ನ ಅವಶ್ಯಕತೆ ಇಲ್ಲ ಅಂದ್ರು." ಮಿರ್ಲಾಂಡ್ ಬಸ್ಸು ಬರುವ ಕಡೆ ನೋಡಿದಳು. "ಚಿಕ್ಕವಳಿದ್ದಾಗಿಂದ ಹೀಗೇ ಆರಿಸ್ಕೊಂಡು ಬಂದಿದೀನಿ, ಈಗ ಬದಲಾಗೋಕೆ ಆಗುತ್ತಾ ಅಂದ್ರು."

ತಾನು ಹುಟ್ಟಿದ ಆಂಟಿಗುವಾ ದ್ವೀಪದ ಚರ್ಚಿನ ಸಭಾಂಗಣದಲ್ಲಿ ಒಂದು ಕುಣಿತದ ಸಂಜೆ ಎವರಾರ್ಡ್‌ಗೆ ಕಾಣಿಸಿತು. ಸೋಡಾ ಬಾಟಲಿಗಳ ಪೆಟ್ಟಿಗೆಯ ಪಕ್ಕದಲ್ಲಿ, ಯಾರೂ ಕರೆಯದೆ, ಇಡೀ ಸಂಜೆ ನಿಂತಿದ್ದ ಇಪ್ಪತ್ತೈದರ ಯುವಕ. ಐದಾರು ಮಂದಿ ಕಾಯುತ್ತಿದ್ದವರನ್ನು ಬಿಟ್ಟು ಸಭಾಂಗಣದ ಆ ತುದಿಯಿಂದ ಈ ತುದಿಗೆ ದಾಟಿ ಬಂದ ಹಳದಿ ಉಡುಪಿನ ಹುಡುಗಿ. ಅವಳು ತನ್ನಲ್ಲಿ ಏನನ್ನೋ ಕಂಡು ಬಂದಳೆಂದು ನಲವತ್ತಾರು ವರ್ಷ ಅವನು ನಂಬಿದ್ದ. ಏನನ್ನು ಎಂದು ಕೇಳಲು ಒಮ್ಮೆಯೂ ಧೈರ್ಯವಾಗಿರಲಿಲ್ಲ.

ಬಸ್ಸು ಬಂದು ಮಿರ್ಲಾಂಡ್‌ಳನ್ನು ಹತ್ತಿಸಿಕೊಂಡು ಹೋಯಿತು. ಒಳಗೆ ಅಂಗಳದಲ್ಲಿ ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿಸಿತು, ಆಮೇಲೆ ಮೈಕಿನಲ್ಲಿ ಬರ್ನಿಸ್‌ಳ ದನಿ. ಮನುಷ್ಯರನ್ನು ಅಳೆಯುವುದರಲ್ಲಿ ಎಸ್ಮಿಗೆ ಸಮಾನರಿಲ್ಲ ಎಂದು ಹೇಳುತ್ತಿದ್ದಳು. ಆಕೊಸ್ತಾ ಯಾರೆಂದು ಊರಿಗೇ ಗೊತ್ತಿಲ್ಲದಾಗ ಅವಳನ್ನು ಗುರುತಿಸಿದವಳು ಎಸ್ಮಿ, ಇಷ್ಟು ವರ್ಷದಲ್ಲಿ ಅವಳ ಆಯ್ಕೆ ತಪ್ಪಿದ್ದನ್ನು ನಾನು ಕಂಡಿಲ್ಲ ಎಂದಳು. ಒಂದು ಗಳಿಗೆ ನಿಲ್ಲಿಸಿ, "ಗಂಡನ ವಿಷಯ ಒಂದು ಬಿಟ್ಟು," ಎಂದಳು.

ಅಂಗಳ ಘೊಳ್ಳೆಂದು ನಕ್ಕಿತು, ಹಿಂದೆಯೇ ಚಪ್ಪಾಳೆ ಬಿತ್ತು. ಗೇಟಿನ ಹೊರಗೆ ಎವರಾರ್ಡ್ ಎದ್ದು ನಿಂತು ತಾನೂ ಚಪ್ಪಾಳೆ ತಟ್ಟಿದ. ಒಳಗಿನವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದ.